ಕಿರೀಟ ಕರಗಿಸಿದವರೇ ಕಿರೀಟ ಹಿಡಿದು ಬಂದದ್ದು: ಇಂಗ್ಲೆಂಡಿನ ಅರಸರಿಲ್ಲದ ಹನ್ನೊಂದು ವರ್ಷಗಳು

1657ರ ಮಾರ್ಚ್ 31ರಂದು ಇಂಗ್ಲೆಂಡಿನ ಪಾರ್ಲಿಮೆಂಟಿನ ಸದಸ್ಯರು ತಮ್ಮ ಸಭಾಧ್ಯಕ್ಷನನ್ನು ಮುಂದಿಟ್ಟುಕೊಂಡು ಲಂಡನ್ನಿನ ವೈಟ್‌ಹಾಲ್ ಅರಮನೆಯ ಔತಣಶಾಲೆಗೆ ಬಂದರು. ಲಾರ್ಡ್ ಪ್ರೊಟೆಕ್ಟರ್ ಎಂಬ ಪದವಿಯಿಂದ ಆಗ ದೇಶವನ್ನು ಆಳುತ್ತಿದ್ದ ಆಲಿವರ್ ಕ್ರಾಮ್‌ವೆಲ್‌ಗೆ ಅವರು ಒಂದು ಮನವಿಪತ್ರವನ್ನು ಒಪ್ಪಿಸಿದರು. ತಾವು ಈ ದೇಶದ ರಾಜರಾಗಬೇಕು ಎಂಬುದು ಅದರ ಮುಖ್ಯ ಕೋರಿಕೆಯಾಗಿತ್ತು. ಎಂಟು ವರ್ಷಗಳ ಹಿಂದೆ ಇದೇ ಕಟ್ಟಡದ ಹೊರಗೆ ಕಟ್ಟಿದ್ದ ಅಟ್ಟಣೆಯ ಮೇಲೆ ಒಂದನೆಯ ಚಾರ್ಲ್ಸ್ ದೊರೆಯ ತಲೆಯನ್ನು ಕಡಿಯಲಾಗಿತ್ತು. ಆ ಮರಣದಂಡನೆಯ ಆಜ್ಞಾಪತ್ರದಲ್ಲಿರುವ 59 ಸಹಿಗಳಲ್ಲಿ ಮೂರನೆಯದು ಕ್ರಾಮ್‌ವೆಲ್‌ನದೇ. ರಾಜಪದವಿಯನ್ನೇ ರದ್ದುಮಾಡಿ, ರಾಜಕಿರೀಟಗಳನ್ನು ಒಡೆದು ಕರಗಿಸಿ ನಾಣ್ಯ ಮಾಡಿಸಿದ ದೇಶವು ದಶಕ ಕಳೆಯುವ ಮೊದಲೇ ಹೊಸ ಕಿರೀಟ ಮಾಡಿಸಲು ಹೊರಟದ್ದು ಏಕೆ?

ಅಧಿಕಾರದ ಆಸೆ ಮತ್ತು ಹೊಗಳುಭಟರ ಕೂಟ ಎಂದು ಸುಲಭದ ಉತ್ತರ ಹೇಳಿಬಿಡಬಹುದು. ಆದರೆ ಆ ಮನವಿಯ ಹಿಂದೆ ನಿಂತಿದ್ದವರಲ್ಲಿ ಹೆಚ್ಚಿನವರು ವಕೀಲರು ಮತ್ತು ಸೈನ್ಯಕ್ಕೆ ಸೇರದ ಅಧಿಕಾರಿಗಳು. ಕ್ರಾಮ್‌ವೆಲ್‌ನ ಅಧಿಕಾರವನ್ನು ಹೆಚ್ಚಿಸುವುದು ಅವರ ಉದ್ದೇಶವಾಗಿರಲಿಲ್ಲ. ಅದಕ್ಕೆ ಮೂಗುದಾರ ಹಾಕುವುದು ಅವರ ಉದ್ದೇಶವಾಗಿತ್ತು. ಮೊದಲು ಕಾಮನ್‌ವೆಲ್ತ್, ಆಮೇಲೆ ಪ್ರೊಟೆಕ್ಟರೇಟ್ ಎಂಬ ಹೆಸರುಗಳಲ್ಲಿ 1649ರಿಂದ 1660ರವರೆಗೆ ನಡೆದ ಇಂಗ್ಲೆಂಡಿನ ಏಕೈಕ ಗಣರಾಜ್ಯವನ್ನು ಅರ್ಥಮಾಡಿಕೊಳ್ಳಲು ಈ ವಿಚಿತ್ರವಾದ ತರ್ಕವನ್ನು ಹಿಡಿದು ಹೊರಡುವುದೇ ಸರಿಯಾದ ದಾರಿ ಎಂದು ನನಗನ್ನಿಸುತ್ತದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, ಚಾರ್ಲ್ಸ್ 1629ರಿಂದ 1640ರವರೆಗೆ ಪಾರ್ಲಿಮೆಂಟನ್ನು ಕರೆಯದೆಯೇ ಆಳಿದ್ದನು. ಹಣಕ್ಕಾಗಿ ಹಡಗು ತೆರಿಗೆಯಂಥ ಹಳೆಯ ಹಕ್ಕುಗಳನ್ನು ಕೆದಕಿ ತೆಗೆದು ಜನರ ಸಿಟ್ಟಿಗೆ ಗುರಿಯಾಗಿದ್ದನು. 1642ರಲ್ಲಿ ಅಂತರ್ಯುದ್ಧ ಶುರುವಾಯಿತು, 1645ರಲ್ಲಿ ಪಾರ್ಲಿಮೆಂಟು ನ್ಯೂ ಮಾಡೆಲ್ ಆರ್ಮಿ ಎಂಬ ಹೊಸ ಸೈನ್ಯವನ್ನು ಕಟ್ಟಿತು, ಮರುವರ್ಷ ರಾಜ ಸೋತನು. ಸೋತ ಮೇಲೂ ಅವನು ಸ್ಕಾಟರ ಜೊತೆ ಗುಟ್ಟಿನ ಒಪ್ಪಂದ ಮಾಡಿಕೊಂಡು 1648ರಲ್ಲಿ ಎರಡನೆಯ ಯುದ್ಧಕ್ಕೆ ದಾರಿ ಮಾಡಿದ್ದರಿಂದ, ಇವನನ್ನು ನಂಬಿ ಯಾವ ಒಡಂಬಡಿಕೆಯೂ ಸಾಧ್ಯವಿಲ್ಲ ಎಂಬ ತೀರ್ಮಾನಕ್ಕೆ ಸೇನಾಧಿಕಾರಿಗಳು ಬಂದರು. ಪಾರ್ಲಿಮೆಂಟಿನ ಬಹುಮತ ಮಾತ್ರ ಇನ್ನೂ ರಾಜಿಯ ಕಡೆಗೇ ಇತ್ತು. 1648ರ ಡಿಸೆಂಬರ್ 6ರ ಬೆಳಿಗ್ಗೆ ಕರ್ನಲ್ ಥಾಮಸ್ ಪ್ರೈಡ್ ಕೈಯಲ್ಲಿ ಹೆಸರುಗಳ ಪಟ್ಟಿ ಹಿಡಿದು ಕಾಮನ್ಸ್ ಸಭೆಯ ಬಾಗಿಲಲ್ಲಿ ಸೈನಿಕರೊಂದಿಗೆ ನಿಂತನು. ರಾಜಿಯ ಪರವಾಗಿದ್ದವರನ್ನು ತಡೆದು ಹಿಂದಕ್ಕೆ ಕಳಿಸಿ, ಕೆಲವರನ್ನು ಬಂಧಿಸಿದನು. ಹೀಗೆ ಸೋಸಿ ಉಳಿದ ಸಭೆಗೆ ಜನರು ಇಟ್ಟ ಹೆಸರು ರಂಪ್, ಅಂದರೆ ಪ್ರಾಣಿಯ ಹಿಂಭಾಗದ ಮಾಂಸದ ತುಂಡು. ಗಣರಾಜ್ಯವನ್ನು ಸ್ಥಾಪಿಸಿದ್ದು ಈ ತುಂಡು ಸಭೆ.

1649ರ ಜನವರಿ 20ರಂದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ರಾಜನ ವಿಚಾರಣೆ ಆರಂಭವಾಯಿತು. ನ್ಯಾಯಪೀಠಕ್ಕೆ ನೇಮಕವಾದ 135 ಮಂದಿಯಲ್ಲಿ ಅರ್ಧದಷ್ಟು ಜನ ಬರಲೇ ಇಲ್ಲ. ಲಾರ್ಡ್ಸ್ ಸಭೆ ಇದಕ್ಕೆ ಒಪ್ಪಿರಲಿಲ್ಲ, ಆದ್ದರಿಂದ ಕಾಮನ್ಸ್ ಸಭೆಯ ಒಪ್ಪಿಗೆಯೊಂದೇ ಸಾಕು ಎಂದು ಸಾರಲಾಗಿತ್ತು. ಅಧ್ಯಕ್ಷನಾಗಿದ್ದ ನ್ಯಾಯವಾದಿ ಜಾನ್ ಬ್ರಾಡ್‌ಷಾ ಪ್ರಾಣಭಯದಿಂದ ಒಳಗೆ ಉಕ್ಕಿನ ತಗಡು ಕೂರಿಸಿದ ಟೋಪಿ ಧರಿಸಿ ಕುಳಿತಿದ್ದನು. ಚಾರ್ಲ್ಸ್ ಆರೋಪಗಳಿಗೆ ಉತ್ತರ ಕೊಡಲು ನಿರಾಕರಿಸಿ ಒಂದೇ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳಿದನು: ಯಾವ ನ್ಯಾಯಬದ್ಧ ಅಧಿಕಾರದಿಂದ ನನ್ನನ್ನು ಇಲ್ಲಿಗೆ ಕರೆತಂದಿದ್ದೀರಿ? ಇಂಗ್ಲೆಂಡಿನ ಜನರ ಹೆಸರಿನಲ್ಲಿ ಎಂದು ಪೀಠ ಹೇಳಿದಾಗ ಮೇಲಿನ ಗ್ಯಾಲರಿಯಿಂದ ಮುಸುಕು ಧರಿಸಿದ ಹೆಂಗಸೊಬ್ಬಳು ಅವರಲ್ಲಿ ಕಾಲುಪಾಲು ಜನರೂ ಇದಕ್ಕಿಲ್ಲ ಎಂದು ಕೂಗಿದಳು. ಆಕೆ ಬೇರೆ ಯಾರೂ ಅಲ್ಲ, ಸೈನ್ಯದ ಮಹಾದಂಡನಾಯಕ ಫೇರ್‌ಫ್ಯಾಕ್ಸ್‌ನ ಪತ್ನಿ. ರಾಜನ ತಲೆ ಉರುಳಿತು, ಆದರೆ ಅವನು ಕೇಳಿದ ಪ್ರಶ್ನೆ ಮುಂದಿನ ಹನ್ನೊಂದು ವರ್ಷಗಳಲ್ಲಿ ಅಧಿಕಾರಕ್ಕೆ ಬಂದ ಒಬ್ಬೊಬ್ಬರನ್ನೂ ಕಾಡುತ್ತ ಹೋಯಿತು.

ಜನವರಿ 30ರ ಮರಣದಂಡನೆ ಆ ದಿನ ಹಲವು ಗಂಟೆ ತಡವಾಯಿತು. ಒಬ್ಬ ರಾಜ ಸತ್ತ ಕ್ಷಣವೇ ಅವನ ಉತ್ತರಾಧಿಕಾರಿ ರಾಜನಾಗುತ್ತಾನೆ ಎಂಬುದು ಇಂಗ್ಲೆಂಡಿನ ಕಾನೂನು. ಹಾಗಾದರೆ ಅಪ್ಪನ ತಲೆ ಕಡಿದೊಡನೆ ಮಗ ದೊರೆಯಾಗುತ್ತಾನೆ ಎಂಬುದು ಕೊನೆಯ ಗಳಿಗೆಯಲ್ಲಿ ಹೊಳೆದು, ಹೊಸ ರಾಜನನ್ನು ಘೋಷಿಸುವುದನ್ನು ನಿಷೇಧಿಸುವ ಕಾನೂನನ್ನು ಕಾಮನ್ಸ್ ಸಭೆ ಆ ಹೊತ್ತಿನಲ್ಲಿ ಅವಸರವಸರವಾಗಿ ಅಂಗೀಕರಿಸುತ್ತಿತ್ತು. ಚಳಿಗೆ ನಡುಗಿದರೆ ಜನ ಅದನ್ನು ಹೆದರಿಕೆ ಎಂದುಕೊಂಡಾರು ಎಂದು ಎರಡು ಅಂಗಿ ತೊಟ್ಟಿದ್ದ ಚಾರ್ಲ್ಸ್ ಒಳಗೆ ಕಾಯುತ್ತಿದ್ದನು. ಗಣರಾಜ್ಯದ ಯೋಜನೆ ಎಷ್ಟರಮಟ್ಟಿಗೆ ಮೊದಲೇ ಸಿದ್ಧವಾಗಿತ್ತು ಎಂಬುದಕ್ಕೆ ಇದೊಂದೇ ಸಂಗತಿ ಸಾಕು. ರಾಜಪದವಿಯನ್ನು ರದ್ದುಗೊಳಿಸುವ ಶಾಸನ ಬಂದದ್ದು ಮಾರ್ಚ್ 17ಕ್ಕೆ, ಲಾರ್ಡ್ಸ್ ಸಭೆಯ ರದ್ದತಿ ಮಾರ್ಚ್ 19ಕ್ಕೆ, ಇಂಗ್ಲೆಂಡ್ ಇನ್ನು ಮುಂದೆ ರಾಜನಿಲ್ಲದ ಸ್ವತಂತ್ರ ರಾಜ್ಯ ಎಂಬ ಘೋಷಣೆ ಮೇ 19ಕ್ಕೆ. ಕೆಡವುವ ಕೆಲಸ ಮೊದಲು ಮುಗಿದು, ಕಟ್ಟಬೇಕಾದದ್ದು ಏನು ಎಂಬ ಚರ್ಚೆ ಆಮೇಲೆ ಆರಂಭವಾಯಿತು.

ಹೊಸ ಆಡಳಿತದ ಚಿಹ್ನೆಗಳು ಮಾತ್ರ ಬೇಗ ಸಿದ್ಧವಾದವು. ರಾಜಮುದ್ರೆಯಲ್ಲಿ ಸಿಂಹಾಸನದ ಬದಲು ಕಾಮನ್ಸ್ ಸಭೆ ಕೂಡಿರುವ ದೃಶ್ಯ ಬಂತು, ಸುತ್ತಲೂ ದೇವರ ಕೃಪೆಯಿಂದ ಮರಳಿ ಬಂದ ಸ್ವಾತಂತ್ರ್ಯದ ಮೊದಲನೆಯ ವರ್ಷ ಎಂಬ ಬರಹ ಬಂತು. ನಾಣ್ಯಗಳ ಮೇಲಿನ ಲ್ಯಾಟಿನ್ ಹೋಗಿ ಇಂಗ್ಲಿಷ್ ಬಂತು: ಒಂದು ಕಡೆ ಇಂಗ್ಲೆಂಡಿನ ಕಾಮನ್‌ವೆಲ್ತ್, ಇನ್ನೊಂದು ಕಡೆ ದೇವರು ನಮ್ಮೊಂದಿಗೆ. ದೇವರು ಒಂದು ಕಡೆ, ಗಣರಾಜ್ಯ ಇನ್ನೊಂದು ಕಡೆ ಎಂದು ರಾಜಪಕ್ಷದವರು ನಕ್ಕರು. ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ಗುರಾಣಿಗಳ ಚಿತ್ರ ಚಡ್ಡಿಯಂತೆ ಕಾಣುತ್ತದೆ ಎಂದು ಆ ನಾಣ್ಯಕ್ಕೆ ಚಡ್ಡಿ ದುಡ್ಡು ಎಂಬ ಅಡ್ಡಹೆಸರೂ ಅಂಟಿತು. ರಾಜಲಾಂಛನಗಳ ಪೈಕಿ ಹನ್ನೆರಡನೆಯ ಶತಮಾನದ ಒಂದು ಬೆಳ್ಳಿಯ ಚಮಚವನ್ನು ಅರಮನೆಯ ಉಗ್ರಾಣದ ಅಧಿಕಾರಿಯೊಬ್ಬ 16 ಷಿಲಿಂಗ್ ಕೊಟ್ಟು ಕೊಂಡನು. ಅದು ಇಂದಿಗೂ ಬ್ರಿಟನ್ನಿನ ಪಟ್ಟಾಭಿಷೇಕಗಳಲ್ಲಿ ಬಳಕೆಯಾಗುತ್ತಿದೆ.

ಈ ಗಣರಾಜ್ಯ ಪ್ರಜಾಪ್ರಭುತ್ವವಾಗಿತ್ತೇ ಎಂದರೆ, ಇಲ್ಲ. ಸರಿಯಾದ ಅಧಿಕಾರದ ಮೂಲ ದೇವರ ಕೆಳಗೆ ಜನರೇ ಎಂದು ರಂಪ್ ಸಭೆ 1649ರ ಜನವರಿ 4ರಂದು ಠರಾವು ಮಾಡಿದ್ದು ನಿಜ. ಆದರೆ ಆ ಜನರನ್ನು ಕೇಳುವ ಧೈರ್ಯ ಅದಕ್ಕಿರಲಿಲ್ಲ, ಏಕೆಂದರೆ ಮುಕ್ತ ಚುನಾವಣೆ ನಡೆದರೆ ಗೆಲ್ಲುವವರು ಹೊರದಬ್ಬಿಸಿಕೊಂಡ ರಾಜಿಯ ಪಕ್ಷದವರೇ ಎಂಬುದು ಎಲ್ಲರಿಗೂ ತಿಳಿದಿತ್ತು. ಸೈನ್ಯದೊಳಗೇ ಬೇರೆ ಧ್ವನಿಗಳಿದ್ದವು. 1647ರ ಶರತ್ಕಾಲದಲ್ಲಿ ಪಟ್ನಿಯ ಚರ್ಚಿನಲ್ಲಿ ನಡೆದ ಚರ್ಚೆಯಲ್ಲಿ ಕರ್ನಲ್ ರೇನ್ಸ್‌ಬರೊ, ಇಂಗ್ಲೆಂಡಿನ ಕಡುಬಡವನಿಗೂ ಅತಿ ದೊಡ್ಡವನಿಗಿರುವಂತೆಯೇ ಬಾಳಲು ಒಂದು ಬದುಕಿದೆ, ಆದ್ದರಿಂದ ತನ್ನನ್ನು ಆಳುವ ಸರ್ಕಾರಕ್ಕೆ ಅವನ ಒಪ್ಪಿಗೆಯೂ ಬೇಕು ಎಂದು ವಾದಿಸಿದ್ದನು. ಕ್ರಾಮ್‌ವೆಲ್‌ನ ಅಳಿಯ ಐರ್ಟನ್, ಆಸ್ತಿಯಿಲ್ಲದವನಿಗೆ ಮತವಿಲ್ಲ ಎಂದು ಅದನ್ನು ಎದುರಿಸಿದ್ದನು. ಮತದ ಹಕ್ಕನ್ನು ವಿಸ್ತರಿಸಬೇಕೆಂದ ಲೆವಲರ್ ಗುಂಪಿನ ಸೈನಿಕರು 1649ರ ಮೇ ತಿಂಗಳಲ್ಲಿ ದಂಗೆಯೆದ್ದಾಗ ಬರ್ಫರ್ಡ್ ಊರಿನ ಚರ್ಚಿನ ಅಂಗಳದಲ್ಲಿ ಅವರಲ್ಲಿ ಮೂವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅದೇ ವರ್ಷ ಸರ್ರಿ ಪ್ರಾಂತದ ಸೇಂಟ್ ಜಾರ್ಜ್ ಗುಡ್ಡದಲ್ಲಿ ಜೆರಾರ್ಡ್ ವಿನ್‌ಸ್ಟನ್ಲಿಯ ಸಂಗಡಿಗರು, ಭೂಮಿ ಎಲ್ಲರ ಸಮಾನ ಸ್ವತ್ತು ಎನ್ನುತ್ತ ಗೋಮಾಳದಲ್ಲಿ ಕ್ಯಾರೆಟ್, ಅವರೆ ಬಿತ್ತಿದರು. ಸ್ಥಳೀಯ ಭೂಮಾಲೀಕರು ಅವರನ್ನು ಬಡಿದೋಡಿಸಿದರು. ಇಂದು ನಾವು ಆ ಕಾಲದಿಂದ ಹೆಮ್ಮೆಯಿಂದ ನೆನೆಯುವ ಮಾತುಗಳೆಲ್ಲ ಸೋತವರ ಬಾಯಿಂದ ಬಂದವು.

ಐರ್ಲೆಂಡಿನಲ್ಲಿ ಗಣರಾಜ್ಯದ ಮುಖವೇ ಬೇರೆ. 1649ರ ಆಗಸ್ಟಿನಲ್ಲಿ ಅಲ್ಲಿಗೆ ಇಳಿದ ಕ್ರಾಮ್‌ವೆಲ್‌ನ ಸೈನ್ಯ ಸೆಪ್ಟೆಂಬರಿನಲ್ಲಿ ಡ್ರೋಹೆಡಾ ಪಟ್ಟಣವನ್ನು ಹಿಡಿದು ಶರಣಾದವರನ್ನೂ ಸೇರಿಸಿ ಎರಡೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು, ಮುಂದಿನ ತಿಂಗಳು ವೆಕ್ಸ್‌ಫರ್ಡ್‌ನಲ್ಲೂ ಕಗ್ಗೊಲೆ ನಡೆಯಿತು. ಆಮೇಲೆ ಬಂದ 1652ರ ಶಾಸನ ಕ್ಯಾಥೊಲಿಕ್ ಭೂಮಾಲೀಕರ ಜಮೀನನ್ನು ಕಸಿದು ಸೈನಿಕರ ಬಾಕಿ ಸಂಬಳಕ್ಕೂ ಯುದ್ಧಕ್ಕೆ ಸಾಲ ಕೊಟ್ಟ ಲಂಡನ್ನಿನ ಸಾಹುಕಾರರಿಗೂ ಹಂಚುವ ದಾರಿ ಮಾಡಿತು. 1641ರಲ್ಲಿ ಐರ್ಲೆಂಡಿನ ಅರ್ಧಕ್ಕೂ ಹೆಚ್ಚು ಭೂಮಿ ಕ್ಯಾಥೊಲಿಕರ ಕೈಯಲ್ಲಿತ್ತು. ಇಪ್ಪತ್ತೈದು ವರ್ಷಗಳೊಳಗೆ ಅದು ಐದರಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳಿದಿತ್ತು. ಅರಸರು ಹಿಂದಿರುಗಿದ ಮೇಲೆ ಈ ಹನ್ನೊಂದು ವರ್ಷಗಳ ಎಷ್ಟೋ ಕೆಲಸಗಳು ಅಳಿಸಿಹೋದವು, ಆದರೆ ಈ ಭೂಮಿಯ ಲೂಟಿ ಬಹುಮಟ್ಟಿಗೆ ಹಾಗೇ ಉಳಿಯಿತು. ಐರ್ಲೆಂಡಿನಲ್ಲಿ ಕ್ರಾಮ್‌ವೆಲ್‌ನ ಹೆಸರು ಇಂದಿಗೂ ಶಾಪವಾಗಿ ಉಳಿದಿರುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಸ್ಕಾಟ್ಲೆಂಡಿನವರು ಸತ್ತ ರಾಜನ ಮಗನನ್ನು ತಮ್ಮ ದೊರೆಯೆಂದು ಸಾರಿದ್ದರು. ಕ್ರಾಮ್‌ವೆಲ್ ಅವರನ್ನು 1650ರ ಸೆಪ್ಟೆಂಬರ್ 3ರಂದು ಡನ್‌ಬಾರ್‌ನಲ್ಲಿ, ಸರಿಯಾಗಿ ಒಂದು ವರ್ಷದ ಬಳಿಕ ಅದೇ ದಿನ ವುಸ್ಟರ್‌ನಲ್ಲಿ ಸೋಲಿಸಿದನು. ಕಿರಿಯ ಚಾರ್ಲ್ಸ್ ಓಕ್ ಮರದಲ್ಲಿ ಅಡಗಿ, ವೇಷ ಮರೆಸಿ ಆರು ವಾರ ಅಲೆದು ಫ್ರಾನ್ಸಿಗೆ ತಪ್ಪಿಸಿಕೊಂಡನು.

ಈ ಗೆಲುವುಗಳನ್ನು ತಂದುಕೊಟ್ಟ ಸೈನ್ಯವೇ ಗಣರಾಜ್ಯದ ದೊಡ್ಡ ಬಿಕ್ಕಟ್ಟೂ ಆಗಿತ್ತು. ಚಾರ್ಲ್ಸ್‌ನ ಹಡಗು ತೆರಿಗೆಯಿಂದ ವರ್ಷಕ್ಕೆ ಹೆಚ್ಚುಕಡಿಮೆ 2 ಲಕ್ಷ ಪೌಂಡ್ ಬರುತ್ತಿತ್ತು, ಅದಕ್ಕೇ ದೇಶ ಹೊತ್ತಿಕೊಂಡಿತ್ತು. ಸೈನ್ಯದ ಖರ್ಚಿಗಾಗಿ ರಂಪ್ ಸಭೆ 1649ರಲ್ಲಿ ಹೇರಿದ ತೆರಿಗೆ ತಿಂಗಳಿಗೆ 90,000 ಪೌಂಡ್, ಅಂದರೆ ವರ್ಷಕ್ಕೆ 10 ಲಕ್ಷಕ್ಕೂ ಮೇಲೆ. ಸೈನ್ಯ ಇರುವವರೆಗೆ ಈ ತೆರಿಗೆ ಬೇಕು, ಈ ತೆರಿಗೆ ಇರುವವರೆಗೆ ಜನರಿಗೆ ಆಡಳಿತದ ಮೇಲೆ ಪ್ರೀತಿ ಹುಟ್ಟುವುದಿಲ್ಲ, ಜನರ ಪ್ರೀತಿ ಇಲ್ಲದವರೆಗೆ ಸೈನ್ಯವನ್ನು ಮನೆಗೆ ಕಳಿಸುವಂತಿಲ್ಲ. ಗಣರಾಜ್ಯ ಕೊನೆಯವರೆಗೂ ಈ ಸುಳಿಯಿಂದ ಹೊರಬರಲಿಲ್ಲ. ಇಷ್ಟರ ನಡುವೆಯೂ ರಂಪ್ ಸಭೆ ಕೈಕಟ್ಟಿ ಕೂತಿರಲಿಲ್ಲ: ನ್ಯಾಯಾಲಯಗಳ ಕಲಾಪ ಇಂಗ್ಲಿಷಿನಲ್ಲೇ ನಡೆಯಬೇಕೆಂದು 1650ರಲ್ಲಿ ಕಾನೂನು ಮಾಡಿತು, 1651ರ ನೌಕಾಯಾನ ಶಾಸನದಿಂದ ಡಚ್ಚರ ಸಾಗಣೆ ವ್ಯಾಪಾರಕ್ಕೆ ಪೆಟ್ಟು ಕೊಟ್ಟು, ಮುಂದಿನ ವರ್ಷ ಅವರೊಡನೆ ಸಮುದ್ರಯುದ್ಧಕ್ಕೂ ಇಳಿಯಿತು.

ಆದರೆ ಹೊಸ ಚುನಾವಣೆಯ ಪ್ರಶ್ನೆಯನ್ನು ಅದು ಮುಂದೂಡುತ್ತಲೇ ಬಂದಿತು. 1653ರ ಏಪ್ರಿಲ್ 20ರಂದು ಸಭೆ ಒಂದು ಚುನಾವಣಾ ಮಸೂದೆಯನ್ನು ಆತುರದಿಂದ ಅಂಗೀಕರಿಸಲು ಹೊರಟಿದೆ ಎಂಬ ಸುದ್ದಿ ಕೇಳಿ, ಸಾದಾ ಕಪ್ಪು ಬಟ್ಟೆಯಲ್ಲಿ ಒಳಗೆ ಬಂದು ಕುಳಿತ ಕ್ರಾಮ್‌ವೆಲ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ನಿಂತು ಸದಸ್ಯರನ್ನು ಹೆಸರು ಹಿಡಿದು ಬೈದನು, ಸೈನಿಕರನ್ನು ಕರೆದನು, ಸಭೆಯ ಅಧಿಕಾರದಂಡವನ್ನು ಆಟಿಕೆ ಎಂದು ಕರೆದು ಎತ್ತಿಸಿಬಿಟ್ಟನು, ಎಲ್ಲರನ್ನೂ ಹೊರಹಾಕಿಸಿದನು. ಹೊರಡುವಾಗ ಆ ಮಸೂದೆಯನ್ನು ಅವನೇ ಒಯ್ದನು. ಅದು ಮತ್ತೆ ಸಿಗಲಿಲ್ಲ. ಅದರಲ್ಲಿ ಏನಿತ್ತು, ರಂಪ್ ತನ್ನನ್ನೇ ಶಾಶ್ವತಗೊಳಿಸಲು ಹೊರಟಿತ್ತೋ ಅಥವಾ ನಿಜಕ್ಕೂ ಚುನಾವಣೆಗೆ ಸಿದ್ಧವಾಗಿತ್ತೋ ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ಒಂದು ಮಾತಂತೂ ಖಚಿತ: ರಾಜ 1642ರಲ್ಲಿ ಸೈನಿಕರೊಂದಿಗೆ ಸಭೆಗೆ ನುಗ್ಗಿ ಐವರು ಸದಸ್ಯರನ್ನು ಹಿಡಿಯಲು ಹೋದದ್ದು ಘೋರ ಅಪರಾಧವೆನಿಸಿದ್ದರೆ, ಹನ್ನೊಂದು ವರ್ಷಗಳ ಬಳಿಕ ಅದಕ್ಕಿಂತ ದೊಡ್ಡದನ್ನು ಪಾರ್ಲಿಮೆಂಟಿನ ಸ್ವಂತ ಸೇನಾಪತಿ ಮಾಡಿದನು.

ಅದರ ನಂತರ ಬಂದದ್ದು ಚುನಾಯಿತವಲ್ಲದ, ಸೇನಾಧಿಕಾರಿಗಳು ಆರಿಸಿದ 140 ಮಂದಿ ದೈವಭಕ್ತರ ಸಭೆ. ಚರ್ಮದ ವ್ಯಾಪಾರಿಯೂ ಪ್ರವಚನಕಾರನೂ ಆಗಿದ್ದ ಸದಸ್ಯನೊಬ್ಬನ ಹೆಸರಿನಿಂದ ಇದನ್ನು ಬೇರ್‌ಬೋನ್ ಪಾರ್ಲಿಮೆಂಟು ಎನ್ನುತ್ತಾರೆ. ನ್ಯಾಯಾಧಿಕಾರಿಯ ಮುಂದೆ ಮದುವೆಯಾಗುವ ಕಾನೂನನ್ನು ಇದು ತಂದಿತು. ಚಾನ್ಸರಿ ನ್ಯಾಯಾಲಯವನ್ನೂ, ಚರ್ಚಿಗೆ ಸಲ್ಲುವ ದಶಾಂಶ ಕಾಣಿಕೆಯನ್ನೂ ತೆಗೆದುಹಾಕುವ ಮಾತು ಬಂದಾಗ ಆಸ್ತಿವಂತ ಸದಸ್ಯರು ಬೆದರಿ, ಡಿಸೆಂಬರ್ 12ರ ಬೆಳಿಗ್ಗೆ ವಿರೋಧಿಗಳು ಬರುವ ಮೊದಲೇ ಸಭೆ ಸೇರಿ, ತಮ್ಮ ಅಧಿಕಾರವನ್ನು ಕ್ರಾಮ್‌ವೆಲ್‌ಗೆ ಹಿಂದಿರುಗಿಸುವ ನಿರ್ಣಯ ಮಾಡಿದರು. ನಾಲ್ಕು ದಿನಗಳಲ್ಲಿ ಅವನು ಲಾರ್ಡ್ ಪ್ರೊಟೆಕ್ಟರ್ ಆದನು.

ಈ ಹೊಸ ವ್ಯವಸ್ಥೆಯ ಆಧಾರ ಇನ್‌ಸ್ಟ್ರುಮೆಂಟ್ ಆಫ್ ಗವರ್ನ್‌ಮೆಂಟ್ ಎಂಬ 42 ಕಲಮುಗಳ ದಸ್ತಾವೇಜು, ಇಂಗ್ಲೆಂಡಿನ ಮೊದಲ ಲಿಖಿತ ಸಂವಿಧಾನ. ದಂಡನಾಯಕ ಜಾನ್ ಲ್ಯಾಂಬರ್ಟ್ ಇದರ ಮುಖ್ಯ ಕರ್ತೃ. ಜೀವಾವಧಿ ಪ್ರೊಟೆಕ್ಟರ್, ಅವನನ್ನು ತಡೆಯಬಲ್ಲ ಒಂದು ಮಂತ್ರಿಪರಿಷತ್ತು, ಮೂರು ವರ್ಷಕ್ಕೊಮ್ಮೆ ಕಡ್ಡಾಯವಾಗಿ ಸೇರುವ 460 ಸದಸ್ಯರ ಪಾರ್ಲಿಮೆಂಟು, ಅದರಲ್ಲಿ ಸ್ಕಾಟ್ಲೆಂಡಿಗೂ ಐರ್ಲೆಂಡಿಗೂ ತಲಾ 30 ಸ್ಥಾನ, 30,000 ಸೈನಿಕರ ಖಾಯಂ ಸೈನ್ಯ. ಕಾಗದದ ಮೇಲೆ ಇದು ಅಚ್ಚುಕಟ್ಟಾದ ಸಮತೋಲನ. ಆದರೆ ಇದನ್ನು ಬರೆದವರು ಸೇನಾಧಿಕಾರಿಗಳು. ಯಾವ ಪಾರ್ಲಿಮೆಂಟೂ ಇದನ್ನು ಅಂಗೀಕರಿಸಿರಲಿಲ್ಲ. 1654ರ ಸೆಪ್ಟೆಂಬರಿನಲ್ಲಿ ಸೇರಿದ ಪಾರ್ಲಿಮೆಂಟು ಮೊದಲು ಮಾಡಿದ ಕೆಲಸ ತಾನು ಯಾವ ಸಂವಿಧಾನದಿಂದ ಹುಟ್ಟಿತೋ ಅದನ್ನೇ ಪ್ರಶ್ನಿಸಿದ್ದು. ಐದು ತಿಂಗಳು ಮುಗಿಯುವ ಮೊದಲು ಅದನ್ನು ವಿಸರ್ಜಿಸುವಂತಿರಲಿಲ್ಲ. ಕ್ರಾಮ್‌ವೆಲ್ ಸೈನಿಕರ ಸಂಬಳದ ಲೆಕ್ಕದಂತೆ ತಿಂಗಳಿಗೆ 28 ದಿನವೆಂದು ಎಣಿಸಿ, 1655ರ ಜನವರಿ 22ರಂದು ಅದನ್ನು ಮನೆಗೆ ಕಳಿಸಿದನು.

ಈ ಸಂವಿಧಾನದ ದುರ್ಬಲತೆ ಹೊರಬಿದ್ದದ್ದು ಜಾರ್ಜ್ ಕೋನಿ ಎಂಬ ವರ್ತಕನ ಮೊಕದ್ದಮೆಯಲ್ಲಿ. ಕೋನಿ ರೇಷ್ಮೆಯ ಮೇಲಿನ ಸುಂಕ ಕೊಡಲು ನಿರಾಕರಿಸಿದನು. ಈ ಸುಂಕ ಪ್ರೊಟೆಕ್ಟರ್ ಮತ್ತು ಪರಿಷತ್ತಿನ ಸುಗ್ರೀವಾಜ್ಞೆಯಿಂದ ಬಂದದ್ದು, ಪಾರ್ಲಿಮೆಂಟಿನಿಂದಲ್ಲ, ಆದ್ದರಿಂದ ಕಾನೂನಿನ ಕಣ್ಣಿಗೆ ಅದು ಸುಂಕವೇ ಅಲ್ಲ ಎಂದು ಅವನ ವಕೀಲರು ವಾದಿಸಿದರು. ಹಡಗು ತೆರಿಗೆಯ ವಿರುದ್ಧ ಇಪ್ಪತ್ತು ವರ್ಷಗಳ ಹಿಂದೆ ಹೂಡಿದ್ದು ಇದೇ ವಾದ. ವಾದಕ್ಕೆ ಉತ್ತರ ಕೊಟ್ಟರೆ ಇಡೀ ಪ್ರೊಟೆಕ್ಟರೇಟಿನ ತಳಪಾಯವೇ ಅಲುಗುತ್ತಿತ್ತು. ಹಾಗಾಗಿ ಸರ್ಕಾರ ಮೂವರು ವಕೀಲರನ್ನು ಲಂಡನ್ ಟವರಿನ ಸೆರೆಮನೆಗೆ ಕಳಿಸಿತು. ಮುಖ್ಯ ನ್ಯಾಯಾಧೀಶ ಹೆನ್ರಿ ರೋಲ್ ಇದನ್ನು ನೋಡಿ ಹುದ್ದೆಗೆ ರಾಜೀನಾಮೆ ಕೊಟ್ಟನು. ಯಾವ ಅಧಿಕಾರದಿಂದ ಎಂಬ ಚಾರ್ಲ್ಸ್‌ನ ಪ್ರಶ್ನೆಯನ್ನು ಈಗ ಒಬ್ಬ ರೇಷ್ಮೆ ವ್ಯಾಪಾರಿ ಕೇಳುತ್ತಿದ್ದನು, ಉತ್ತರ ಕೊಡಲಾಗದೆ ಸಿಕ್ಕಿಬಿದ್ದವನು ಕ್ರಾಮ್‌ವೆಲ್.

1655ರಲ್ಲಿ ರಾಜಪಕ್ಷದವರ ಒಂದು ಸಣ್ಣ ದಂಗೆ ಅಡಗಿದ ಮೇಲೆ ದೇಶವನ್ನು ಪ್ರಾಂತಗಳಾಗಿ ವಿಭಾಗಿಸಿ ಒಂದೊಂದರ ಮೇಲೂ ಒಬ್ಬೊಬ್ಬ ಮೇಜರ್ ಜನರಲ್‌ನನ್ನು ನೇಮಿಸಲಾಯಿತು. ಹಳೆಯ ರಾಜಪಕ್ಷದವರ ಆದಾಯದ ಹತ್ತರಲ್ಲೊಂದು ಪಾಲನ್ನು ಕಿತ್ತುಕೊಂಡು ಈ ಜನರಲ್‌ಗಳ ಆಡಳಿತದ ಖರ್ಚು ನಡೆಯಿತು. ಕುಡಿತ, ಕುದುರೆಪಂದ್ಯ, ಹುಂಜದ ಕಾಳಗಗಳ ಮೇಲೆ ಅವರು ಕಣ್ಣಿಟ್ಟಿದ್ದರಿಂದ ಆ ಕಾಲವೆಂದರೆ ನಗುವೇ ನಿಷಿದ್ಧವಾಗಿದ್ದ ಕಾಲ ಎಂಬ ಕಲ್ಪನೆ ಬೆಳೆದಿದೆ. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ಸರಿಯೂ ಅಲ್ಲ. ಕ್ರಿಸ್‌ಮಸ್ ಆಚರಣೆಯನ್ನು ಕ್ರಾಮ್‌ವೆಲ್ ನಿಷೇಧಿಸಿದನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಆಜ್ಞೆ 1647ರದು, ನಾಟಕಶಾಲೆಗಳನ್ನು ಮುಚ್ಚಿಸಿದ್ದು 1642ರಲ್ಲಿ, ಎರಡೂ ಪಾರ್ಲಿಮೆಂಟಿನ ಕೆಲಸ. ಕ್ರಾಮ್‌ವೆಲ್‌ಗೆ ಸಂಗೀತವೆಂದರೆ ಪ್ರಾಣ. 1656ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಡ್ಯಾವನಂಟ್‌ನ ಗೀತರೂಪಕ ಸರ್ಕಾರದ ಅಡ್ಡಿಯಿಲ್ಲದೆ ನಡೆಯಿತು, ಅದನ್ನು ಮೊದಲ ಇಂಗ್ಲಿಷ್ ಆಪೆರಾ ಎನ್ನುತ್ತಾರೆ. 1290ರಲ್ಲಿ ಹೊರದೂಡಲ್ಪಟ್ಟಿದ್ದ ಯೆಹೂದಿಗಳು ಮತ್ತೆ ಬಹಿರಂಗವಾಗಿ ನೆಲೆಸಿ ಪ್ರಾರ್ಥನೆ ನಡೆಸಲು ಅವಕಾಶವಾದದ್ದೂ ಇದೇ ವರ್ಷ.

ಧಾರ್ಮಿಕ ಸಹನೆಗೆ ಮಿತಿ ಇತ್ತು, ಆ ಮಿತಿಯನ್ನು ಯಾರು ಎಳೆಯಬೇಕು ಎಂಬುದೇ ಜಗಳವಾಗಿತ್ತು. 1656ರ ಅಕ್ಟೋಬರಿನಲ್ಲಿ ಜೇಮ್ಸ್ ನೇಲರ್ ಎಂಬ ಕ್ವೇಕರ್ ಪಂಥದವನು, ಕ್ರಿಸ್ತ ಜೆರೂಸಲೆಮ್ಮಿಗೆ ಬಂದಂತೆ, ಜೈಕಾರ ಹಾಕುವ ಅನುಯಾಯಿಗಳೊಂದಿಗೆ ಮಳೆಯಲ್ಲಿ ಕುದುರೆಯೇರಿ ಬ್ರಿಸ್ಟಲ್ ನಗರವನ್ನು ಪ್ರವೇಶಿಸಿದನು. ಪಾರ್ಲಿಮೆಂಟು ಬೇರೆಲ್ಲ ಕೆಲಸ ಬಿಟ್ಟು ದಿನಗಟ್ಟಲೆ ಚರ್ಚಿಸಿ, ತಾನೇ ನ್ಯಾಯಾಲಯವಾಗಿ ಅವನಿಗೆ ಚಾಟಿಯೇಟು, ಹಣೆಗೆ ಬರೆ, ಕಾದ ಕಬ್ಬಿಣದಿಂದ ನಾಲಗೆ ತೂತು ಮಾಡುವ ಶಿಕ್ಷೆ ವಿಧಿಸಿತು. ಯಾವ ಆಧಾರದ ಮೇಲೆ ಈ ಶಿಕ್ಷೆ ವಿಧಿಸಿದಿರಿ ಎಂದು ಕ್ರಾಮ್‌ವೆಲ್ ಪತ್ರ ಬರೆದು ಕೇಳಿದನು. ಸಭೆಯ ಬಳಿ ಉತ್ತರವಿರಲಿಲ್ಲ. ಒಂದೇ ಸದನದ ಪಾರ್ಲಿಮೆಂಟು ಯಾರನ್ನು ಬೇಕಾದರೂ ಹೀಗೆ ತುಳಿಯಬಹುದು, ಪ್ರೊಟೆಕ್ಟರನೂ ಯಾರನ್ನು ಬೇಕಾದರೂ ಸೆರೆಗೆ ತಳ್ಳಬಹುದು, ತಡೆಯುವ ಕಾನೂನು ಎರಡು ಕಡೆಯೂ ಇಲ್ಲ ಎಂಬುದು ಈ ಪ್ರಕರಣದಿಂದ ಬಯಲಾಯಿತು.

ಮೂರು ತಿಂಗಳೊಳಗೆ ಕಿರೀಟದ ಮನವಿ ಬಂದದ್ದು ಈ ಹಿನ್ನೆಲೆಯಲ್ಲಿ. 1657ರ ಜನವರಿಯಲ್ಲಿ ಕ್ರಾಮ್‌ವೆಲ್‌ನನ್ನು ಕೊಲ್ಲುವ ಒಂದು ಸಂಚು ಬಯಲಾಗಿದ್ದರಿಂದ ಅವನ ನಂತರ ಯಾರು ಎಂಬ ಆತಂಕವೂ ಸೇರಿಕೊಂಡಿತ್ತು. ವಕೀಲರ ವಾದ ಹೀಗಿತ್ತು: ಪ್ರೊಟೆಕ್ಟರ್ ಎಂಬ ಪದವಿ ನಿನ್ನೆ ಮೊನ್ನೆಯದು, ಅವನು ಏನು ಮಾಡಬಹುದು, ಏನು ಮಾಡಬಾರದು ಎಂದು ಹೇಳುವ ತೀರ್ಪುಗಳಾಗಲೀ ಪದ್ಧತಿಗಳಾಗಲೀ ಇಲ್ಲ. ರಾಜನ ಪದವಿ ಹಾಗಲ್ಲ. ರಾಜನ ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಶತಮಾನಗಳ ಮೊಕದ್ದಮೆಗಳಲ್ಲಿ, ಶಾಸನಗಳಲ್ಲಿ ಅಳೆದಿಟ್ಟದ್ದು. ಹಳ್ಳಿಯ ಪೊಲೀಸನಿಗೂ, ಮುಖ್ಯ ನ್ಯಾಯಾಧೀಶನಿಗೂ ಅದು ಗೊತ್ತು. ಜೊತೆಗೆ ಸಿಂಹಾಸನದಲ್ಲಿ ಕುಳಿತಿರುವ ರಾಜನಿಗೆ ಸೇವೆ ಸಲ್ಲಿಸಿದವನನ್ನು ಮುಂದೆ ಬೇರೆ ರಾಜ ಬಂದರೂ ದ್ರೋಹಿಯೆಂದು ಶಿಕ್ಷಿಸುವಂತಿಲ್ಲ ಎಂದು ಏಳನೆಯ ಹೆನ್ರಿಯ 1495ರ ಶಾಸನ ಹೇಳುತ್ತಿತ್ತು. ಕ್ರಾಮ್‌ವೆಲ್ ರಾಜನಾದರೆ ಅವನ ಕೈಕೆಳಗೆ ದುಡಿದವರೆಲ್ಲರಿಗೂ ಈ ರಕ್ಷಣೆ ಸಿಗುತ್ತಿತ್ತು. ಪ್ರೊಟೆಕ್ಟರ್ ಆಗಿರುವವರೆಗೆ ಸಿಗುವಂತಿರಲಿಲ್ಲ. ಸಿಂಹಾಸನ ಅವರ ಕಣ್ಣಿಗೆ ಬೇಲಿಯಾಗಿ ಕಂಡಿತ್ತು.

ಐದು ವಾರಕ್ಕೂ ಹೆಚ್ಚು ಕಾಲ ಕ್ರಾಮ್‌ವೆಲ್ ತೂಗಿ ನೋಡಿದನು. ದೇವರು ಯುದ್ಧದ ಗೆಲುವಿನ ಮೂಲಕ ರಾಜಪದವಿಯ ಬಗ್ಗೆ ತೀರ್ಪು ಕೊಟ್ಟಾಗಿದೆ ಎಂದು ಅವನು ಮನಃಪೂರ್ವಕವಾಗಿ ನಂಬಿದ್ದನು. ವಿಧಾತ ಕೆಡವಿ ಮಣ್ಣುಪಾಲು ಮಾಡಿದ್ದನ್ನು ನಾನು ಎತ್ತಿ ನಿಲ್ಲಿಸಲಾರೆ, ಜೆರಿಕೊ ನಗರವನ್ನು ಮತ್ತೆ ಕಟ್ಟಲಾರೆ ಎಂದು ಏಪ್ರಿಲ್ 13ರ ಭಾಷಣದಲ್ಲಿ ಹೇಳಿದನು. ಅವನ ಭಾವ ಡೆಸ್‌ಬರೊ, ಅಳಿಯ ಫ್ಲೀಟ್‌ವುಡ್, ಸಂವಿಧಾನ ಬರೆದ ಲ್ಯಾಂಬರ್ಟ್ ಮೂವರೂ ಕಿರೀಟದ ವಿರುದ್ಧವಾಗಿದ್ದರು, ಸೇನಾಧಿಕಾರಿಗಳ ಗುಂಪೊಂದು ವಿರೋಧದ ಅರ್ಜಿಯನ್ನೂ ತಂದಿತು. ಮೇ 8ರಂದು ಅವನು ಕಿರೀಟವನ್ನು ನಿರಾಕರಿಸಿದನು. ಮನವಿಯ ಉಳಿದ ಭಾಗ ಜಾರಿಗೆ ಬಂತು: ಎರಡನೆಯ ಸದನ, ಉತ್ತರಾಧಿಕಾರಿಯನ್ನು ಹೆಸರಿಸುವ ಹಕ್ಕು. ಜೂನ್ 26ರಂದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣಕ್ಕೆ ಪಟ್ಟಾಭಿಷೇಕದ ಹಳೆಯ ಪೀಠವನ್ನೇ ತಂದು, ಅವನಿಗೆ ತುಪ್ಪಳದ ಅಂಚಿನ ನೇರಳೆ ನಿಲುವಂಗಿ ತೊಡಿಸಿ, ಖಡ್ಗ, ಚಿನ್ನದ ರಾಜದಂಡ, ಬೈಬಲ್ ಕೊಟ್ಟು ಕೂರಿಸಿದರು. ತಲೆಯೊಂದು ಬರಿದಾಗಿತ್ತು. ವಕೀಲರು ಕಾನೂನಿನ ಮಿತಿಯನ್ನು ಬಯಸಿದ್ದರು. ಅವರಿಗೆ ಸಿಕ್ಕಿದ್ದು ಆ ಮಿತಿಯಿಲ್ಲದ ರಾಜವೈಭವ.

ಆ ವರ್ಷದ ಅಕ್ಟೋಬರಿನಲ್ಲಿ ಕ್ರಾಮ್‌ವೆಲ್ ಕೊಟ್ಟ ಒಂದು ಸನ್ನದು ನಮ್ಮ ದೇಶದ ಚರಿತ್ರೆಗೂ ತಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿ ಅಲ್ಲಿಯವರೆಗೆ ಕೆಲವು ಯಾನಗಳಿಗೆ ಅಥವಾ ಕೆಲವು ವರ್ಷಗಳಿಗೆ ಎಂದು ಬಂಡವಾಳ ಕೂಡಿಸಿ, ಲಾಭ ಹಂಚಿ, ಲೆಕ್ಕ ಮುಗಿಸುತ್ತಿತ್ತು. ಒಂದನೆಯ ಚಾರ್ಲ್ಸ್ ಕಂಪನಿಯ ಏಕಸ್ವಾಮ್ಯವನ್ನು ಲೆಕ್ಕಿಸದೆ ಕೋರ್ಟೀನ್ ಎಂಬ ವರ್ತಕನ ಕೂಟಕ್ಕೂ ಪರವಾನಗಿ ಕೊಟ್ಟಿದ್ದನು. 1638ರಲ್ಲಿ ನಮ್ಮ ಕಾರವಾರದಲ್ಲಿ ಕೋಠಿ ತೆರೆದವರು ಆ ಕೂಟದವರೇ. ಪೈಪೋಟಿಯಿಂದ ಬಳಲಿ, ಮುಚ್ಚಿಕೊಂಡು ಹೋಗುವ ಮಾತಾಡುತ್ತಿದ್ದ ಕಂಪನಿಗೆ 1657ರ ಸನ್ನದು ಏಕಸ್ವಾಮ್ಯವನ್ನು ಮರಳಿ ಕೊಟ್ಟಿತು, ಅದರ ಬಲದಿಂದ ಕಂಪನಿ ಮೊದಲ ಬಾರಿಗೆ ಶಾಶ್ವತ ಬಂಡವಾಳವನ್ನು ಕೂಡಿಸಿತು. ಮುಂದೆ ಮೈಸೂರಿನ ಮೇಲೆ ದಂಡೆತ್ತಿ ಬಂದ ಕಂಪನಿಗೆ ಖಾಯಂ ಆಯುಷ್ಯ ದಕ್ಕಿದ್ದು ಅರಸರಿಲ್ಲದ ಇಂಗ್ಲೆಂಡಿನಿಂದ.

ಕ್ರಾಮ್‌ವೆಲ್ 1658ರ ಸೆಪ್ಟೆಂಬರ್ 3ರಂದು, ಡನ್‌ಬಾರ್ ಮತ್ತು ವುಸ್ಟರ್ ಗೆಲುವಿನ ದಿನವೇ, ಕಾಯಿಲೆಯಿಂದ ತೀರಿಕೊಂಡನು. ಅಂತ್ಯಕ್ರಿಯೆಯ ಮೊದಲು ಪ್ರದರ್ಶನಕ್ಕಿಟ್ಟ ಅವನ ಮೇಣದ ಪ್ರತಿಮೆಯ ತಲೆಗೆ ಕಿರೀಟ ತೊಡಿಸಿದ್ದರು. ಮಗ ರಿಚರ್ಡ್ ಅಧಿಕಾರಕ್ಕೆ ಬಂದನು. ಒಳ್ಳೆಯ ಮನುಷ್ಯ, ಆದರೆ ಯುದ್ಧ ನೋಡಿದವನಲ್ಲ, ಸೈನ್ಯಕ್ಕೆ ಅವನ ಮೇಲೆ ಗೌರವವಿರಲಿಲ್ಲ. ಖಜಾನೆಯ ಮೇಲೆ 20 ಲಕ್ಷ ಪೌಂಡಿಗೂ ಹೆಚ್ಚಿನ ಸಾಲ, ಸೈನಿಕರ ಸಂಬಳ ಬಾಕಿ. 1659ರ ಏಪ್ರಿಲ್‌ನಲ್ಲಿ ದಂಡನಾಯಕರು ಅವನ ಕೈಯಿಂದ ಪಾರ್ಲಿಮೆಂಟಿನ ವಿಸರ್ಜನೆ ಮಾಡಿಸಿದರು, ಮೇ ತಿಂಗಳಲ್ಲಿ ಅವನೂ ಕೆಳಗಿಳಿದನು. ಮುಂದಿನ ತಿಂಗಳುಗಳ ವಿವರ ಓದುವವರಿಗೆ ತಲೆ ಸುತ್ತುತ್ತದೆ: ಆರು ವರ್ಷಗಳ ಹಿಂದೆ ಓಡಿಸಿದ್ದ ರಂಪ್ ಸಭೆಯನ್ನು ಸೈನ್ಯವೇ ಮೇನಲ್ಲಿ ಮರಳಿ ಕರೆಯಿತು, ಅಕ್ಟೋಬರಿನಲ್ಲಿ ಲ್ಯಾಂಬರ್ಟ್ ಅದನ್ನು ಮತ್ತೆ ಓಡಿಸಿದನು, ಡಿಸೆಂಬರಿನಲ್ಲಿ ಅದು ಮತ್ತೆ ಬಂದು ಕೂತಿತು. ಸರ್ಕಾರಗಳನ್ನು ಮಾಡಬಲ್ಲ, ಮುರಿಯಬಲ್ಲ ಶಕ್ತಿ ಸೈನ್ಯಕ್ಕಿತ್ತು, ಆದರೆ ಜನರು ತಾವಾಗಿ ಒಪ್ಪುವ ಸರ್ಕಾರವನ್ನು ನಿಲ್ಲಿಸುವುದು ಅದರಿಂದ ಆಗಲಿಲ್ಲ.

ಗಂಟನ್ನು ಬಿಚ್ಚಿದವನು ಸ್ಕಾಟ್ಲೆಂಡಿನಲ್ಲಿದ್ದ ಸೇನಾಪತಿ ಜಾರ್ಜ್ ಮಂಕ್. ತನ್ನ ಸೈನಿಕರಿಗೆ ತಪ್ಪದೆ ಸಂಬಳ ಕೊಡುತ್ತಿದ್ದ, ಮನಸ್ಸಿನಲ್ಲಿರುವುದನ್ನು ಬಾಯಿಬಿಡದ ಮನುಷ್ಯ. 1660ರ ಜನವರಿ ಆರಂಭದಲ್ಲಿ ಟ್ವೀಡ್ ನದಿ ದಾಟಿ ಫೆಬ್ರವರಿ 3ರಂದು ಲಂಡನ್ ತಲುಪಿದನು. ತೆರಿಗೆ ಕೊಡಲೊಪ್ಪದ ನಗರದ ದ್ವಾರಗಳನ್ನು ಕಿತ್ತುಹಾಕು ಎಂದು ರಂಪ್ ಅವನಿಗೆ ಆಜ್ಞೆ ಮಾಡಿತು. ಕೆಲಸ ಶುರುಮಾಡಿದ ಅವನು ಎರಡೇ ದಿನದಲ್ಲಿ ಮಗ್ಗುಲು ಬದಲಾಯಿಸಿ, ಹೊಸ ಚುನಾವಣೆಗೆ ದಿನ ಗೊತ್ತುಮಾಡಿ ಎಂದು ರಂಪ್‌ಗೇ ಗಡುವು ಕೊಟ್ಟನು. ಆ ರಾತ್ರಿ ಲಂಡನ್ನಿನ ಬೀದಿ ಬೀದಿಯಲ್ಲಿ ಬೆಂಕಿ ಹಾಕಿ ಜನರು ರಂಪ್ ಮಾಂಸವನ್ನು ಸುಟ್ಟು ತಿಂದರು. ಫೆಬ್ರವರಿ 21ರಂದು, ಕರ್ನಲ್ ಪ್ರೈಡ್ ಹೊರಹಾಕಿದ್ದ ಸದಸ್ಯರು ಹನ್ನೊಂದು ವರ್ಷಗಳ ಬಳಿಕ ಮಂಕ್‌ನ ಕಾವಲಿನಲ್ಲಿ ಮತ್ತೆ ಸಭೆಗೆ ಬಂದರು, ಮಾರ್ಚ್ 16ರಂದು ಪಾರ್ಲಿಮೆಂಟು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಚಾರ್ಲ್ಸ್‌ನ ಮಗ ನೆದರ್ಲೆಂಡ್ಸಿನ ಬ್ರೆಡಾ ಪಟ್ಟಣದಿಂದ ಏಪ್ರಿಲ್ 4ರಂದು ಕಳಿಸಿದ ಘೋಷಣೆಯಲ್ಲಿ ಕ್ಷಮೆ, ಧಾರ್ಮಿಕ ಸ್ವಾತಂತ್ರ್ಯ, ಜಮೀನು, ಸೈನಿಕರ ಬಾಕಿ ಈ ಎಲ್ಲ ಕಗ್ಗಂಟುಗಳನ್ನೂ ಪಾರ್ಲಿಮೆಂಟು ಹೇಳಿದಂತೆ ಕೇಳುತ್ತೇನೆ ಎಂದು ಜಾಣತನದಿಂದ ಅದರ ಹೆಗಲಿಗೇ ಹಾಕಿದ್ದನು. ಮೇ 29ರಂದು, ತನ್ನ ಮೂವತ್ತನೆಯ ಹುಟ್ಟುಹಬ್ಬದ ದಿನ, ಎರಡನೆಯ ಚಾರ್ಲ್ಸ್ ಲಂಡನ್ ಪ್ರವೇಶಿಸಿದನು.

ಸೇಡು ಸೀಮಿತವಾಗಿತ್ತು: ಆ ಅಕ್ಟೋಬರಿನಲ್ಲಿ ಹತ್ತು ಮಂದಿಗೆ ಮರಣದಂಡನೆಯಾಯಿತು. 1661ರ ಜನವರಿ 30ರಂದು ಕ್ರಾಮ್‌ವೆಲ್, ಐರ್ಟನ್, ಬ್ರಾಡ್‌ಷಾ ಇವರ ಹೆಣಗಳನ್ನು ಸಮಾಧಿಯಿಂದ ತೆಗೆದು ಟೈಬರ್ನ್‌ನಲ್ಲಿ ನೇಣಿಗೇರಿಸಿದರು. ಕಾನೂನಿನ ಮಟ್ಟದಲ್ಲಿ ಮಾತ್ರ ಅಳಿಸುವಿಕೆ ಸಂಪೂರ್ಣವಾಗಿತ್ತು. 1660ರ ಶಾಸನಗಳಲ್ಲಿ ಆ ವರ್ಷವನ್ನು ಎರಡನೆಯ ಚಾರ್ಲ್ಸ್‌ನ ಆಳ್ವಿಕೆಯ ಹನ್ನೆರಡನೆಯ ವರ್ಷವೆಂದು ಎಣಿಸಲಾಯಿತು. ಅಪ್ಪನ ತಲೆ ಬಿದ್ದ ಗಳಿಗೆಯಿಂದ ಅವನೇ ರಾಜ, ನಡುವೆ ಗಣರಾಜ್ಯವೆಂಬುದೇ ಇರಲಿಲ್ಲ. ರಾಜನ ಅಂಕಿತವಿಲ್ಲದ ಹನ್ನೊಂದು ವರ್ಷಗಳ ಶಾಸನಗಳೆಲ್ಲ ಅಸಿಂಧುವಾದವು, ನ್ಯಾಯಾಲಯಗಳಿಗೆ ಹಳೆಯ ಲ್ಯಾಟಿನ್ ಮರಳಿತು. ಆದರೂ ಬೇಕಾದದ್ದನ್ನು ಹೊಸ ಹೆಸರಿನಲ್ಲಿ ಉಳಿಸಿಕೊಳ್ಳಲಾಯಿತು: ನೌಕಾಯಾನ ಶಾಸನವನ್ನು ಅದೇ ವರ್ಷ ಇನ್ನಷ್ಟು ಬಿಗಿಗೊಳಿಸಿ ಪುನಃ ಮಾಡಿದರು, ನ್ಯಾಯಾಧಿಕಾರಿಗಳ ಮುಂದೆ ನಡೆದ ಮದುವೆಗಳನ್ನು ಸಿಂಧುಗೊಳಿಸಿದರು, ಕಂಪನಿಗೆ 1661ರಲ್ಲಿ ಚಾರ್ಲ್ಸ್ ತನ್ನದೇ ಸನ್ನದನ್ನು ಬರೆದುಕೊಟ್ಟನು.

ಒಂದು ತೊಡಕು ಮಾತ್ರ ಉಳಿಯಿತು. ಪಾರ್ಲಿಮೆಂಟನ್ನು ಕರೆಯುವ ಹಕ್ಕು ರಾಜನೊಬ್ಬನದೇ. ರಾಜನನ್ನು ಮರಳಿ ಕರೆದ 1660ರ ಸಭೆಯನ್ನು ಯಾವ ರಾಜನೂ ಕರೆದಿರಲಿಲ್ಲ. ಆದ್ದರಿಂದ ಆ ಸಭೆ ತಾನು ನಿಜವಾದ ಪಾರ್ಲಿಮೆಂಟು ಎಂದು ತಾನೇ ಒಂದು ಕಾನೂನು ಮಾಡಿ, ಅದಕ್ಕೆ ಹೊಸ ದೊರೆಯ ಅಂಕಿತ ಪಡೆಯಿತು. ಅಷ್ಟೂ ಸಾಲದೆಂದು 1661ರಲ್ಲಿ ರಾಜಾಜ್ಞೆಯಿಂದ ಸೇರಿದ ಮುಂದಿನ ಪಾರ್ಲಿಮೆಂಟು ಅದರ ಶಾಸನಗಳನ್ನು ಇನ್ನೊಮ್ಮೆ ಸ್ಥಿರಪಡಿಸಿತು. 1688ರ ಕೊನೆಯಲ್ಲಿ ಎರಡನೆಯ ಜೇಮ್ಸ್ ದೇಶ ಬಿಟ್ಟು ಓಡಿದಾಗ ಇಂಥದೇ ರಾಜಾಜ್ಞೆಯಿಲ್ಲದ ಇನ್ನೊಂದು ಸಭೆ ಸೇರಬೇಕಾಗಿ ಬಂತು. ಆ ಸಭೆಯವರು ಕಿರೀಟವನ್ನು ಕೊಡುವ ಮೊದಲು ರಾಜನ ಹಕ್ಕುಗಳ ಮಿತಿಯನ್ನು ಬರೆದು ಓದಿ ಹೇಳಿದರು, 1660ರವರು ಆ ಕೆಲಸವನ್ನು ಮಾಡಿರಲಿಲ್ಲ.